ತಕ್ಕಡಿಗೆ ಹುಣಸೆಹಣ್ಣು

ವ್ಯವಹಾರ ಇಷ್ಟೇ: ಲಂಡನ್ನಿನ ವೆಂಬ್ಲಿಯಲ್ಲಿರುವ ನಮ್ಮ ದಿನಸಿ ಅಂಗಡಿಗೆ ಇನ್ನೂ ಹತ್ತು ವರ್ಷದ ಲೀಸ್ ಸಿಗಬೇಕು, ಸಿಗದಿದ್ದರೆ ಮಾಲೀಕ ಕೆಡವಿ ಫ್ಲ್ಯಾಟ್ ಕಟ್ಟುತ್ತಾನೆ. ಅದಕ್ಕೆಂದು ಹಿಡಿದ ವಕೀಲರು ಸ್ಕಾಟ್ಲೆಂಡಿನವರು, ಹಳೇ ಸಾಮಾನೆಂದರೆ ಪ್ರಾಣ. ಅಂಥವರೂ ನನ್ನಾಕೆಯೂ ಒಂದೇ ಸೂರಿನಡಿ ಸೇರಿದ ಮೇಲೆ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಒರಳು

ಮೊದಲ ದಿನ ಬಂದವರು ಕಾಗದಪತ್ರ ಕೇಳಲಿಲ್ಲ. ಬಾಗಿಲು ಬಡಿದುಕೊಳ್ಳದಿರಲೆಂದು ನಾನಿಟ್ಟಿದ್ದ ಒರಳುಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸವರತೊಡಗಿದರು.

“ಎಷ್ಟು ಹಳೆಯದು?”

“ನಮ್ಮಜ್ಜಿಯ ಅಜ್ಜಿಯದು. ಸಾರ್, ಲೀಸು...”

“ಲೀಸ್ ಎಷ್ಟು ಹಳೆಯದು?”

“ಹದಿನೈದು ವರ್ಷ.”

“ಓ, ಹೊಸದು! ಆಮೇಲೆ ನೋಡೋಣ.”

ಪೆನ್ನು

ಆಯುಧಪೂಜೆಯ ದಿನವೇ ಮಾಲೀಕ ಬಂದ. ಬಾಡಿಗೆ ಒಂದೂವರೆ ಪಟ್ಟಾದರೆ ಮಾತ್ರ ಲೀಸ್ ಎಂದ. ಬೇರೆ ದಾರಿ ಕಾಣದೆ ಒಪ್ಪಿದೆ. ಪಕ್ಕದಲ್ಲೇ ಇದ್ದ ವಕೀಲರು ಬರೆದುಕೊಡಲು ಜೇಬು ತಡಕಿದರು. ನನ್ನಾಕೆ ಆಗಲೇ ಪೂಜೆಗೆ ಎತ್ತಿಟ್ಟಿದ್ದ ಅವರ ಪೆನ್ನು ಅಂಗಡಿಯ ಪೆನ್ನುಗಳ ಜೊತೆ, ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿತ್ತು.

“ಇವತ್ತ ಮುಟ್ಟಂಗಿಲ್ರೀ,” ಎಂದಳು ನನ್ನಾಕೆ. ನಾನು ಇಂಗ್ಲಿಷಿಗೆ ತಿರುಗಿಸಿ ಪಿಸುಗುಟ್ಟಿದೆ.

ವಕೀಲರು ಕೈಕಟ್ಟಿ ಗಂಭೀರವಾಗಿ ಹೇಳಿದರು: “ಇವತ್ತು ಬರೆಯುವುದು ಸಾಧ್ಯವೇ ಇಲ್ಲ.”

ಆ ಮುಖ ನೋಡಿ, ಬಾಡಿಗೆ ಒಪ್ಪಿಗೆಯಿಲ್ಲವೆಂದೇ ತಿಳಿದ ಮಾಲೀಕ, ಚಹಾ ಮುಗಿಯುವುದರೊಳಗೆ ಹಳೇ ಬಾಡಿಗೆಗೇ ಇಳಿದ. ದೀಪಾವಳಿಯ ಹೊತ್ತಿಗೆ ರುಜು ಎಂದಾಯಿತು. ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ಬಾರದ ಚೌಕಾಸಿ ಪೆನ್ನಿಗೆ ಬಂತು.

ತಕ್ಕಡಿ

ದೀಪಾವಳಿಯ ಮುನ್ನಾದಿನ ವಕೀಲರು ಕಪ್ಪಿಟ್ಟ ಹಿತ್ತಾಳೆ ತಕ್ಕಡಿಯೊಂದನ್ನು ತಂದರು. “ಸ್ಕಾಟ್ಲೆಂಡಿನ ಕೋಟೆಯೊಂದರದು, ಈಗಷ್ಟೇ ಕೊಂಡೆ. ಟ್ಯೂಬ್ ರೈಲಿನಲ್ಲಿ ಹೊತ್ತು ತಿರುಗಲಾರೆ, ಇಲ್ಲೇ ಇರಲಿ,” ಎಂದು ಇಟ್ಟುಹೋದರು.

ಮರುದಿನ ಮಾಲೀಕ ರುಜು ಹಾಕಿದ ಲೀಸ್ ಹಿಡಿದು ಅವರು ಬಂದರೆ, ಕೌಂಟರಿನ ಮೇಲೆ ತಕ್ಕಡಿ ಚಿನ್ನದಂತೆ ಹೊಳೆಯುತ್ತಿದೆ!

“ಎಷ್ಟ ಕಿಲುಬ ಹತ್ತಿತ್ರೀ! ನಿಮ್ಮ ಮನ್ಯಾಗ ತಿಕ್ಕೋರ ಇಲ್ಲೇನು? ಹುಣಸಿಹಣ್ಣ ಹಚ್ಚಿ ಬೆಳಗೀನಿ,” ಎಂದಳು ನನ್ನಾಕೆ, ಹೆಮ್ಮೆಯಿಂದ.

ವಕೀಲರು ಬಿಳಿಚಿಕೊಂಡರು. “ಆ ಕಪ್ಪಿಗೇ ನಾನು ದುಡ್ಡು ಕೊಟ್ಟಿದ್ದು,” ಎಂದು ಲೀಸನ್ನು ಚೀಲಕ್ಕೆ ತುರುಕಿದರು. ಹೋಯಿತು ಅಂಗಡಿ ಎಂದುಕೊಂಡೆ.

ಕೊನೆಗೊಮ್ಮೆ ತಕ್ಕಡಿಯ ತಟ್ಟೆ ಮಗುಚಿದರು. ಅಡಿಯಲ್ಲಿ, ಫಳಫಳನೆ: ಮೇಡ್ ಇನ್ ಇಂಡಿಯಾ.

ಅಲ್ಲಿಂದಲೇ ಮಾರಿದವನಿಗೆ ಫೋನ್ ಹೋಯಿತು. ವಕೀಲರ ದನಿ ಕೇಳಿ ಆಸಾಮಿ ಆಗಿಂದಾಗಲೇ ಹಣ ಹಿಂದಿರುಗಿಸಲು ಒಪ್ಪಿದ. ಲೀಸ್ ಚೀಲದಿಂದ ಹೊರಬಂತು, ನನ್ನ ರುಜುವೂ ಬಿತ್ತು.

“ಮೇಡಂ, ಇನ್ನುಮುಂದೆ ಕೊಳ್ಳುವ ಮೊದಲೇ ನಿಮ್ಮ ಹತ್ತಿರ ತರುತ್ತೇನೆ!”

ಒಟ್ಟು ಲೆಕ್ಕ: ನನಗೆ ಹಳೇ ಬಾಡಿಗೆಗೆ ಹತ್ತು ವರ್ಷ, ವಕೀಲರಿಗೆ ಪೂರ್ತಿ ಹಣ ವಾಪಸ್ಸು. ಖರ್ಚು, ನಿಂಬೆಗಾತ್ರದ ಹುಣಸೆಹಣ್ಣು. ಅದನ್ನೂ ವಕೀಲರು ಅಂದು ಕೊಂಡ ದಿನಸಿಯ ಬಿಲ್ಲಿಗೇ ಸೇರಿಸಿದೆ.