ಬಾಯಿಗೊಂದು ಖರ್ಜೂರ

ಶಾಮಸುಂದರನ ಫಜೀತಿಯೆಲ್ಲ ಶುರುವಾಗಿದ್ದು ಒಂದು ಡಬ್ಬಿ ಖರ್ಜೂರದಿಂದ.

ಅಬುಧಾಬಿಯ ಕನ್ನಡಿಗರ ಬಳಗದವರು ಹದಿಹರೆಯದ ಮಕ್ಕಳ ತಂದೆತಾಯಿಗಳಿಗೆಂದು ಹಿಂದಿನ ಶನಿವಾರ ಒಂದು ಶಿಬಿರ ನಡೆಸಿದ್ದರು. "ಮಕ್ಕಳು ಮಾತಾಡಿದರೆ ಸುಮ್ಮನೆ ಕೇಳಿ. ಉಪದೇಶ ಬೇಡ. ಅವರ ಗುಟ್ಟನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಬಾಯಿ ತಡೆಯದಿದ್ದರೆ ಒಂದು ಖರ್ಜೂರ ಹಾಕಿಕೊಳ್ಳಿ," ಎಂದು ಪಾಠ ಹೇಳಲು ಬಂದಿದ್ದ ಕ್ರಿಸ್ಟಿನಾ ಮೇಡಂ ಎಲ್ಲರಿಗೂ ಒಂದೊಂದು ಡಬ್ಬಿ ಕೊಟ್ಟಿದ್ದರು. ಪಕ್ಕದ ವಿಲ್ಲಾದ ಅಲಿಕುಂಞಿ, "ಎಂತ ಮಾರಾಯ್ರೆ, ಖರ್ಜೂರ ತಿಂದ್ರೆ ಮಕ್ಕಳು ಸರಿಯಾಗ್ತಾರಾ?" ಎಂದು ನಕ್ಕಿದ್ದ. ಡಬ್ಬಿಯನ್ನು ಮಾತ್ರ ಬಿಡದೆ ಕಂಕುಳಲ್ಲಿಟ್ಟುಕೊಂಡು ಬಂದಿದ್ದ.

ಶಾಮಸುಂದರನಿಗೆ ನಗು ಬಂದಿರಲಿಲ್ಲ. ಅವನ ಮಗ ಅನಿಕೇತ್ ಹತ್ತನೇ ಕ್ಲಾಸಿಗೆ ಬಂದಮೇಲೆ ಮನೆಯಲ್ಲಿ ಆಡುತ್ತಿದ್ದುದು ಒಂದೇ ಮಾತು, ಫೈನ್. ಸ್ಕೂಲ್ ಹೇಗಿತ್ತು? ಫೈನ್. ಸಾರು ಹೇಗಿದೆ? ಫೈನ್. ಜ್ವರ ಬಂದು ಮಲಗಿದ್ದಾಗಲೂ ಫೈನ್. ಚಿಕ್ಕವನಿದ್ದಾಗ ಅಪ್ಪ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೇ ನಿಂತು ಕತೆ ಹೇಳುತ್ತಿದ್ದ ಹುಡುಗ ಅವನು. ಆ ಮಾತು ಮತ್ತೊಮ್ಮೆ ಕಿವಿಗೆ ಬಿದ್ದರೆ ಸಾಕು ಎಂದು ಶಾಮಸುಂದರ ಹಂಬಲಿಸುತ್ತಿದ್ದ.

ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಬಡಾವಣೆಯ ಆ ಎರಡು ಮನೆಯ ಮಕ್ಕಳದೂ ಒಂದೇ ಶಾಲೆ. ಬೆಳಿಗ್ಗೆ ಇಬ್ಬರನ್ನೂ ಶಾಮಸುಂದರ ಬಿಡಬೇಕು. ಮಧ್ಯಾಹ್ನ ಅನಿಕೇತನನ್ನು ಅಲಿಕುಂಞಿ ಕರೆತರಬೇಕು. ಅಲಿಕುಂಞಿಯ ಮಗಳು ನಾಫಿಯಾ ಮೆಡಿಕಲ್ ಕೋಚಿಂಗ್ ಮುಗಿಸಿ ಸಂಜೆ ವ್ಯಾನಿನಲ್ಲಿ ಬರುತ್ತಾಳೆ.

ಗುರುವಾರ ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಶಾಮಸುಂದರ ಆದಷ್ಟು ಮೆತ್ತಗೆ ಕೇಳಿದ. "ಅನಿ, ಮನಸ್ಸಲ್ಲಿ ಏನಿದ್ರೂ ಹೇಳಪ್ಪ. ನಾನು ಬರೀ ಕೇಳ್ತೀನಿ. ಯಾರಿಗೂ ಹೇಳಲ್ಲ."

"ಐ ಆಮ್ ಫೈನ್, ಅಪ್ಪ." ಅನಿಕೇತ್ ಹೆಡ್‌ಫೋನ್ ಏರಿಸಿ ಕಿಟಕಿಯತ್ತ ತಿರುಗಿದ.

"ನಿಜವಾಗ್ಲೂ ಯಾರಿಗೂ ಹೇಳುದಿಲ್ವಾ ಅಂಕಲ್?" ಹಿಂದಿನ ಸೀಟಿನಿಂದ ನಾಫಿಯಾ ಕೇಳಿದಳು. "ಹಾಗಾದ್ರೆ ನಾನು ಹೇಳ್ತೇನೆ. ನಾನು ಕೋಚಿಂಗಿಗೆ ಹೋಗುದೇ ಬಿಟ್ಟಿದ್ದೇನೆ. ಸ್ಕೂಲ್ ಗ್ರೌಂಡಲ್ಲಿ ಇರ್ತೇನೆ. ಫುಟ್‌ಬಾಲ್ ಟೀಮಿಗೆ ಗೋಲ್‌ಕೀಪರ್ ನಾನೇ. ಶನಿವಾರ ಫೈನಲ್ ಉಂಟು. ಮನೆಯಲ್ಲಿ ಉಪ್ಪನಿಗೆ ಗೊತ್ತಿಲ್ಲ."

ಶಾಮಸುಂದರನ ಗಂಟಲಿಗೆ ಉಪದೇಶ ಹಾಲಿನ ಹಾಗೆ ಉಕ್ಕಿ ಬಂತು. ತಕ್ಷಣ ಜೇಬಿನಿಂದ ಖರ್ಜೂರ ತೆಗೆದು ಹಾಕಿಕೊಂಡ. ಹುಡುಗಿ ಶಾಲೆಯ ಗೇಟಿನವರೆಗೂ ಮಾತಾಡಿದಳು, ಇವನು ಗೇಟಿನವರೆಗೂ ತಿಂದ. ಇಳಿಯುವಾಗ ಅವಳು, "ಥ್ಯಾಂಕ್ಸ್ ಅಂಕಲ್, ನೀವು ಎಷ್ಟು ಒಳ್ಳೆಯವರು!" ಎಂದಳು. ಅನಿಕೇತ್ ಬಾಗಿಲು ಮುಚ್ಚಿ ನಡೆದ.

ಮಧ್ಯಾಹ್ನ ಆಫೀಸಿಗೆ ನಾಫಿಯಾಳ ತಾಯಿ ಸಫೀನಾಳ ಫೋನ್ ಬಂತು. "ಶಾಮಣ್ಣ, ಕೋಚಿಂಗಿನವರು ಈಗ ಫೋನ್ ಮಾಡಿದ್ರು. ನಾಫಿಯಾ ಬರ್ತಾನೇ ಇಲ್ವಂತೆ! ನಿಮ್ಮ ಹತ್ರ ಏನಾದ್ರೂ ಹೇಳಿದ್ದಾಳಾ?"

ಇಲ್ಲ ಎಂದರೆ ಸುಳ್ಳಾಗುತ್ತದೆ, ಹೌದು ಎಂದರೆ ಮಾತು ತಪ್ಪಿದಂತಾಗುತ್ತದೆ. ಶಾಮಸುಂದರ ಖರ್ಜೂರ ಬಾಯಿಗಿಟ್ಟು, "ಮ್‌ಮ್..." ಎಂದ.

"ಮ್‌ಮ್ ಅಂದ್ರೆ ಎಂತ? ನಿಮಗೆ ಗೊತ್ತುಂಟು!"

ಹತ್ತು ನಿಮಿಷಕ್ಕೆ ಹೆಂಡತಿ ಪ್ರಾರ್ಥನಾಳ ಫೋನ್. "ರೀ, ಪಕ್ಕದ್ಮನೆ ಹುಡುಗಿ ಗುಟ್ಟು ನಿಮಗೆ ಗೊತ್ತಂತೆ! ನನಗಾದ್ರೂ ಹೇಳಿ."

"ಮ್‌ಮ್..."

"ಬಾಯಲ್ಲೇನ್ರೀ ಅದು? ಮನೆಗೆ ಬನ್ನಿ, ಇದೆ ನಿಮಗೆ."

ಸಂಜೆ ಮನೆಗೆ ಬಂದರೆ ನಡುಮನೆ ತುಂಬ ಜನ. ಸೋಫಾದಲ್ಲಿ ಅಲಿಕುಂಞಿಯ ತಾಯಿ ನಫೀಸಮ್ಮ, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ ಸಫೀನಾ. ಅಲಿಕುಂಞಿ ಅತ್ತಿಂದಿತ್ತ ಶತಪಥ ಹಾಕುತ್ತಿದ್ದ.

"ಹೇಳಿ ಶಾಮಣ್ಣ, ನನ್ನ ಮಗಳು ಎಲ್ಲಿಗೆ ಹೋಗ್ತಾಳೆ?"

"ಹೆದರೋ ಅಂಥದ್ದೇನಿಲ್ಲ. ಹೇಳೋಕಾಗಲ್ಲ ಅಲಿಕುಂಞಿ. ಮಾತು ಕೊಟ್ಟಿದ್ದೀನಿ."

"ಎಂತ ಮಾತು? ನಾನು ಅವಳ ಉಪ್ಪ!"

"ಹೇಳು ಮೋನೆ," ನಫೀಸಮ್ಮ ಕೈಹಿಡಿದರು. "ನಿನ್ನನ್ನು ನನ್ನ ಮಗನ ಹಾಗೆ ನೋಡಿದ್ದೇನೆ."

ಶಾಮಸುಂದರ ಜೇಬಿಗೆ ಕೈಹಾಕಿದ. ಖರ್ಜೂರ ಮುಗಿದಿತ್ತು. ಅಷ್ಟರಲ್ಲಿ ಮೈತುಂಬ ಮರಳು ಮೆತ್ತಿಕೊಂಡ ನಾಫಿಯಾ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಎಲ್ಲರ ಮುಖ ನೋಡಿದವಳೇ ಇದ್ದದ್ದನ್ನೆಲ್ಲ ತಾನೇ ಒದರಿಬಿಟ್ಟಳು.

ಅಲಿಕುಂಞಿ ಗುಡುಗುವ ಮೊದಲೇ ನಫೀಸಮ್ಮ ಕೇಳಿದರು. "ಚೆಂಡು ಒಳಗೆ ಬಿಡ್ತೀಯಾ?"

"ಈ ಸಲ ಒಂದೂ ಬಿಡ್ಲಿಲ್ಲ ಉಮ್ಮಾಮ."

"ಹಾಗಾದ್ರೆ ಶನಿವಾರ ನಾನೂ ನೋಡ್ಲಿಕ್ಕೆ ಬರ್ತೇನೆ. ಖಲಾಸ್. ಡಾಕ್ಟರ್ ವಿಷಯ ಆಮೇಲೆ."

ಅಲ್ಲಿಗೆ ಹುಡುಗಿಯ ತಪ್ಪು ಮಾಫ್ ಆಯಿತು. ಎಲ್ಲರ ಸಿಟ್ಟಿಗೂ ಉಳಿದವನು ಶಾಮಸುಂದರನೊಬ್ಬನೇ. ಬೆಳಿಗ್ಗೆಯಿಂದ ಗೊತ್ತಿದ್ದೂ ಹೆತ್ತವರ ಹೊಟ್ಟೆ ಉರಿಸಿದ ಎಂದು ಸಫೀನಾ ಅಂದಳು. ಹೆಂಡತಿಗೂ ಹೇಳದವನು ಇನ್ನೇನೇನು ಮುಚ್ಚಿಟ್ಟಿದ್ದಾನೋ ಎಂದು ಪ್ರಾರ್ಥನಾ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು. ಒಳ್ಳೆಯ ಅಪ್ಪನಾಗಲು ಹೊರಟ ತನಗೆ ಇದೇನು ಗ್ರಹಚಾರ ಎಂದು ಅವನಿಗೆ ಅಳುವೇ ಬಂತು.

ಕೊನೆಗೆ ಹೊರಟ ಅಲಿಕುಂಞಿ ಚಪ್ಪಲಿ ಮೆಟ್ಟುತ್ತ ಸಮಾಧಾನಗೊಂಡ. "ಹೋಗ್ಲಿ ಬಿಡಿ. ಆ ಮೇಡಂ ಹೇಳಿದ್ದು ಸುಳ್ಳಲ್ಲ ಮಾರಾಯ್ರೆ. ನಾನೂ ಕಾರಲ್ಲಿ ಸುಮ್ಮನೆ ಕೇಳ್ತಾ ಬಂದೆ. ನಿಮ್ಮ ಅನಿಕೇತ್ ಎಷ್ಟು ಮಾತಾಡ್ತಾನೆ! ಸ್ಕೂಲಿಂದ ಮನೆವರೆಗೆ ಬಾಯಿಗೆ ಬ್ರೇಕೇ ಇಲ್ಲ."

ಶಾಮಸುಂದರ ಬಾಗಿಲು ಹಿಡಿದುಕೊಂಡ. "ಯಾರು? ನಮ್ಮ ಅನಿಕೇತಾ?"

"ಹೌದು ಮತ್ತೆ. ಇವತ್ತಂತೂ ಒಂದು ದೊಡ್ಡ ವಿಷಯ ಹೇಳಿದ. ಪಾಪ, ಎಷ್ಟು ಸಮಯದಿಂದ ಮನಸ್ಸಲ್ಲಿ ಇಟ್ಟುಕೊಂಡಿದ್ನೋ..." ಅಲಿಕುಂಞಿ ಥಟ್ಟನೆ ನಾಲಿಗೆ ಕಚ್ಚಿಕೊಂಡ.

"ಏನು ಹೇಳಿದ? ಹೇಳಿ ಅಲಿಕುಂಞಿ! ನಾನು ಅವನ ಅಪ್ಪ ಕಣ್ರೀ!"

ಅಲಿಕುಂಞಿ ಅವನನ್ನು ಬಹಳ ಮರುಕದಿಂದ ನೋಡಿದ. ಆಮೇಲೆ ಜೇಬಿನಿಂದ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡ.

ಒಳಗೆ ಪ್ರಾರ್ಥನಾ ತಟ್ಟೆ ಇಡುತ್ತ, "ಅನಿ, ಇವತ್ತು ಸ್ಕೂಲ್ ಹೇಗಿತ್ತೋ?" ಎಂದು ಕೇಳುತ್ತಿದ್ದಳು.

"ಫೈನ್," ಎಂದ ಅನಿಕೇತ್.