ಬೆಂಕಿಪೊಟ್ಟಣದಲ್ಲಿ ಒಂದು ಕೂದಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಕೂದಲು. ಅದೂ ಎರಡು ಬೆರಳಗಲ ಉದ್ದದ್ದು, ಕರ್ರಗಿನದು, ಅವರೆ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಂಡದ್ದು.

ಹೊಸೂರಿನಾಚೆ ಶೆಡ್ಡೊಂದರಲ್ಲಿ ಅಲಾರಂ ಟೈಂಪೀಸು ಜೋಡಿಸುವ ಸಣ್ಣ ಫ್ಯಾಕ್ಟರಿಯಿತ್ತು. ಮದ್ರಾಸಿನ ದೊಡ್ಡ ಗಿರಾಕಿಗೆ ಮಾದರಿಯೆಂದು ಕಳಿಸಬೇಕಿದ್ದ ಟೈಂಪೀಸು ಬೆಳಿಗ್ಗೆ ಟಿಕ್ಕೆನ್ನದೆ ನಿಂತುಬಿಟ್ಟಿತ್ತು. ಬಿಚ್ಚಿ ನೋಡಿದರೆ ಚಕ್ರದ ಹಲ್ಲಿಗೆ ಈ ಕೂದಲು ಸಿಕ್ಕಿಕೊಂಡಿದೆ. ಮ್ಯಾನೇಜರು ಅದನ್ನು ಬೆಂಕಿಪೊಟ್ಟಣಕ್ಕೆ ಹಾಕಿ, ಹಿಂದಿನ ದಿನ ಎರಡನೇ ಶಿಫ್ಟು ನೋಡಿಕೊಂಡಿದ್ದ ಸೂಪರ್‌ವೈಸರ್ ಶ್ಯಾಮಣ್ಣನ ಆಲಸನತ್ತಂ ಬಡಾವಣೆಯ ಮನೆಗೇ ಕಳಿಸಿಕೊಟ್ಟರು. ಮಧ್ಯಾಹ್ನ ಎರಡರ ಸೈರನ್ ಆಗುವುದರೊಳಗೆ ಇದು ಯಾರ ಕೂದಲೆಂದು ಬರೆದುಕೊಡಬೇಕು. ಬರೆದ ಹೆಸರಿನವರಿಗೆ ಇವತ್ತಿನಿಂದ ಕೆಲಸವಿಲ್ಲ.

ಶ್ಯಾಮಣ್ಣ ಮೀಸೆ ತಿರುವುತ್ತ ಹೆಂಡತಿ ಗೋವಿಂದಮ್ಮನಿಗೆ ವಿಷಯ ಬಿಡಿಸಿ ಹೇಳಿದ.

"ಲೈನಲ್ಲಿರೋದು ಎಂಟು ಹೆಣ್ಮಕ್ಕಳು ಕಣೇ. ಎಲ್ರೂ ಟೋಪಿ ಹಾಕ್ಕಂಡೇ ಕೂತ್ಕಳಾದು. ಏಳು ಜನದ ಜಡೆ ನಾನೇ ನೋಡಿವ್ನಿ, ಹಗ್ಗದಂಗೆ ನೆಟ್ಟಗವೆ. ಉಳಿದೋಳು ತಾಹಿರಾ ಒಬ್ಳೇ. ಆ ಹುಡ್ಗಿ ಟೋಪಿ ಒಳಗೂ ತಲೆವಸ್ತ್ರ ಸುತ್ಕಂಡಿರ್ತಾಳೆ. ಒಳಗೆ ಹೆಂಗೈತೋ ಯಾರಿಗ್ಗೊತ್ತು?"

"ಕೇಳ್ಬುಡಿ ಮತ್ತೆ."

"ಗಂಡಸು ನಾನು ಹೆಂಗೇ ಕೇಳ್ಲಿ? ಹಿಂದಿನ ಬೀದೀಲೇ ಅವ್ರ ಮನೆ. ನೀನು ಹೋಗ್ಬುಟ್ಟು ನೋಡ್ಕಂಡ್ ಬಾ. ಗುಂಗುರಾಗಿದ್ರೆ ಹೆಸ್ರು ಬರ್ಕೊಟ್ಬುಡ್ತೀನಿ."

ತಾಹಿರಾಳಿಗೆ ಅಪ್ಪ ಅಮ್ಮ ಇಲ್ಲ. ಅವಳ ಸಂಬಳದಿಂದಲೇ ಅವಳೂ ಅಜ್ಜಿಯೂ ಎರಡು ಹೊತ್ತು ಉಣ್ಣುತ್ತಿದ್ದರು. ಆದರೆ ಗಂಡನ ಕೆಲಸವೂ ಕೆಲಸವೇ. ಗೋವಿಂದಮ್ಮ ಬೆಂಕಿಪೊಟ್ಟಣವನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಹೊರಟಳು.

ಬೀದಿಯ ತಿರುವಿನಲ್ಲೇ ಹಾಲಿನ ಪಿಳ್ಳಮ್ಮ ಅಡ್ಡ ಬಂದಳು. ವಿಷಯ ಬಾಯಿ ಬಿಡಿಸದೆ ಪಿಳ್ಳಮ್ಮ ಯಾರನ್ನೂ ಮುಂದೆ ಹೋಗಗೊಟ್ಟವಳಲ್ಲ.

"ಆ ಹುಡ್ಗಿಗೆ ತಲೇಲಿ ಕೂದ್ಲೇ ಇಲ್ಲ ಕಣಮ್ಮಿ! ಟೈಫಾಯ್ಡು ಜ್ವರ ಬಂದು ಎಲ್ಲಾ ಹೋಗ್ಬುಟ್ಟೈತೆ. ಅದ್ಕೇ ಮುಚ್ಕಂಡಿರ್ತಾಳೆ."

"ಯಾರಕ್ಕ ಹಂಗಂದೋರು?"

"ಯಾರೂ ಅನ್ನಲಿಲ್ಲ. ನಂಗೇ ಹೊಳೀತು. ನಡಿ, ನಾನೂ ಬತ್ತೀನಿ."

ಬಾಗಿಲು ತೆಗೆದವಳು ತಾಹಿರಾಳ ಅಜ್ಜಿ. ಏನು ಹೇಳುವುದೆಂದು ತೋಚದೆ ಗೋವಿಂದಮ್ಮ ಬಾಯಿಗೆ ಬಂದ ಸುಳ್ಳು ಹೇಳಿದಳು: "ನಂಗೆ ಕೂದ್ಲು ಸ್ವಲ್ಪ ಉದುರ್ತೈತೆ ಅಜ್ಜೀ. ಏನಾರ ಮದ್ದು ಇದ್ರೆ..."

"ಸ್ವಲ್ಪ?" ಪಿಳ್ಳಮ್ಮ ನಡುವೆ ನುಗ್ಗಿದಳು. "ನೆನ್ನೆ ಸಾರಲ್ಲಿ ಹಿಡಿ ಕೂದ್ಲು ಸಿಕ್ಕಿ ಇವಳ ಗಂಡ ತಟ್ಟೇನೇ ಬಿಸಾಕ್ದ!"

ಅಜ್ಜಿ ಕೆನ್ನೆ ಬಡಿದುಕೊಂಡಳು. ಗೋವಿಂದಮ್ಮ ಬೇಡ ಬೇಡ ಎನ್ನುವಷ್ಟರಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ, ತುರುಬು ಬಿಚ್ಚಿ, ಬಟ್ಟಲು ತುಂಬ ಇದ್ದ ದಾಸವಾಳದ ಸೊಪ್ಪಿನ ಲೋಳೆಯನ್ನು ನೆತ್ತಿಗೆ ಸುರಿದಳು. ತಣ್ಣನೆಯ ಲೋಳೆ ಕಿವಿಯ ಹಿಂದಿನಿಂದ ರವಿಕೆಯೊಳಕ್ಕೆ ಇಳಿಯಿತು. ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು.

ಆಗ ಹಿತ್ತಿಲ ಬಾಗಿಲಲ್ಲಿ ತಾಹಿರಾ ಬಂದು ನಿಂತಳು. ಒಳಗಿರುವವರೆಲ್ಲ ಹೆಂಗಸರೇ ಎಂದು ನೋಡಿ, ಒಣಗಲು ಬಿಟ್ಟಿದ್ದ ತಲೆಯನ್ನು ಹಾಗೇ ಬಿಟ್ಟುಕೊಂಡು ಒಳಗೆ ಬಂದಳು.

ಗೋವಿಂದಮ್ಮ ತೆರೆದ ಬಾಯಿ ಮುಚ್ಚಲಿಲ್ಲ. ಸುರುಳಿ, ಸುರುಳಿಯ ಮೇಲೆ ಸುರುಳಿ, ಒಂದೊಂದನ್ನೂ ಅಕ್ಕಸಾಲಿ ಕೂತು ತಂತಿ ಸುತ್ತಿದ ಹಾಗೆ! ಭುಜದ ಮೇಲೆ ಹರಡಿ, ಬೆನ್ನು ಮುಚ್ಚಿ, ಸೊಂಟದ ತನಕ ಇಳಿದು, ಬಾಗಿಲಿನ ಅಗಲವೆಲ್ಲ ಕೂದಲೇ ಆಗಿತ್ತು. ಹಿಂದಿನಿಂದ ಬಿದ್ದ ಬಿಸಿಲು ಅದರೊಳಗೆ ದಾರಿ ಸಿಗದೆ ಅಂಚಿನಲ್ಲೇ ಮಿನುಗುತ್ತಿತ್ತು. ಎರಡು ವರ್ಷದಿಂದ ಬೀದಿಯಲ್ಲಿ ತಲೆ ತಗ್ಗಿಸಿ ನಡೆದು ಹೋಗುತ್ತಿದ್ದ ಸಣ್ಣ ಹುಡುಗಿ ಆ ಬಟ್ಟೆಯೊಳಗೆ ಇಷ್ಟೊಂದನ್ನು ಹೊತ್ತು ತಿರುಗುತ್ತಿದ್ದಳೇ! ಗೋವಿಂದಮ್ಮನಿಗೆ ಕೈ ಮುಗಿಯಬೇಕೆನ್ನಿಸಿತು. ಪಿಳ್ಳಮ್ಮನಿಗೆ ಹುಟ್ಟಿದ ಮೇಲೆ ಮೊದಲ ಸಲ ಮಾತು ನಿಂತುಹೋಯಿತು. ನಿಂಬೆಕಾಯಿಯಷ್ಟಿದ್ದ ತನ್ನ ತುರುಬನ್ನು ಸುಮ್ಮನೆ ಮುಟ್ಟಿ ನೋಡಿಕೊಂಡಳು.

ಆಮೇಲೆ ನೆನಪಾಯಿತು. ಗುಂಗುರು! ಗೋವಿಂದಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಇಷ್ಟನ್ನೂ ದಿನಾ ಹೆಂಗಮ್ಮ ಕಟ್ಟಿಟ್ಕಂಡಿರ್ತೀಯ?" ಎಂದಳು.

"ಇದರ ಮರ್ಜಿ ಕಾಯ್ಬೇಕು ಗೋವಿಂದಕ್ಕ," ತಾಹಿರಾ ನಕ್ಕಳು. "ಒದ್ದೇಲಿ ಕಟ್ಟಿದ್ರೆ ವಾಸ್ನೆ ಬರ್ತದೆ, ಬುಡ ಸಡಿಲ ಆಗ್ತದೆ. ಅದಕ್ಕೆ ಬೆಳಿಗ್ಗೇನೇ ತಲೆಗೆ ನೀರು. ಒಣಗಿದ್ಮೇಲೆ ಬಾಚಣಿಗೆ ತಾಗಿಸೋ ಹಾಗಿಲ್ಲ. ಲೋಳೆ ಇರೋವಾಗ್ಲೇ ಬೆರಳಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸ್ಬೇಕು. ಬರೀ ನೂಲಿನ ಬಟ್ಟೆ ಕಟ್ಟಿದ್ರೆ ಉಜ್ಜಿ ಉಜ್ಜಿ ತುಂಡಾಗ್ತದೆ. ನೋಡಿ, ಒಳಗೆ ರೇಷ್ಮೆ, ಮೇಲೆ ನೂಲು." ಅಜ್ಜಿಯ ಮದುವೆಯ ಬಟ್ಟೆ ಕತ್ತರಿಸಿ ಹೊಲಿದ ರೇಷ್ಮೆ ಕುಲಾವಿ ತೋರಿಸಿದಳು. ಉದುರಿದ ನಾಲ್ಕು ಎಳೆಗಳಿಗೂ ಒಂದು ಪುಟ್ಟ ಚೀಲವಿತ್ತು. ತುಂಬಿದ ಮೇಲೆ ಅದನ್ನು ದಾಸವಾಳದ ಬುಡದಲ್ಲಿ ಹೂಳುತ್ತಾರಂತೆ.

ಉದುರಿದ್ದನ್ನೂ ಇಷ್ಟು ಜೋಪಾನ ಮಾಡುವವಳು ಟೈಂಪೀಸಿನಲ್ಲಿ ಕೂದಲು ಬೀಳಿಸುತ್ತಾಳೆಯೇ? ಇಂಥವಳ ಮನೆಗೆ ಕಳ್ಳಿಯ ಹಾಗೆ ಬಂದೆನಲ್ಲ ಎಂದು ಗೋವಿಂದಮ್ಮನಿಗೆ ನಾಚಿಕೆಯಾಯಿತು. ಕಣ್ಣಿಗಿಳಿದ ಲೋಳೆ ಒರೆಸಲು ಸೆರಗೆಳೆದಳು. ಗಂಟು ಬಿಚ್ಚಿ ಬೆಂಕಿಪೊಟ್ಟಣ ತಾಹಿರಾಳ ಕಾಲ ಬಳಿಯೇ ಬಿದ್ದು ಬಾಯ್ದೆರೆಯಿತು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಗೋವಿಂದಮ್ಮ ಎಲ್ಲವನ್ನೂ ಹೇಳಿ ಅತ್ತಳು. ತಾಹಿರಾಳ ಮುಖ ಬಿಳಿಚಿತು. ಒಳಗೆ ಹೋಗಿ ಎರಡು ಲೋಟ ನೀರು ತಂದಿಟ್ಟಳು. ಚೀಲದಿಂದ ತನ್ನದೊಂದು ಕೂದಲು ತೆಗೆದು ಒಂದರಲ್ಲಿ ಬಿಟ್ಟಳು. ಅದು ನೀರಿನಲ್ಲೂ ಸುರುಳಿಯಾಗಿಯೇ ತೇಲಿತು. ಬೆಂಕಿಪೊಟ್ಟಣದ್ದನ್ನು ಇನ್ನೊಂದರಲ್ಲಿ ಬಿಟ್ಟಳು. ನಾಲ್ಕು ತಲೆಗಳು ಲೋಟದ ಮೇಲೆ ಬಗ್ಗಿದವು. ಕೂದಲು ಮೆಲ್ಲಗೆ ಮೈಮುರಿದು, ಸುತ್ತು ಬಿಚ್ಚಿ, ಪೊರಕೆ ಕಡ್ಡಿಯ ಹಾಗೆ ನೆಟ್ಟಗಾಯಿತು. ನೀರಿನ ಮೇಲೆ ಎಣ್ಣೆಯ ಕಣ್ಣೊಂದು ತೇಲಿತು.

"ಇದು ಹುಟ್ಟು ಗುಂಗುರಲ್ಲ ಅಕ್ಕ. ಯಾರೋ ತಿರುಚಿ ತಿರುಚಿ ಮಾಡಿದ್ದು."

ಅಜ್ಜಿ ಮೂಸಿ ನೋಡಿ, "ಹರಳೆಣ್ಣೆ," ಎಂದಳು.

"ಹರಳೆಣ್ಣೆ ಹಚ್ಚಿ ಕೂದ್ಲು ತಿರುಚೋರು ಯಾರಪ್ಪಾ ಈ ಊರಾಗೆ?" ಪಿಳ್ಳಮ್ಮನಿಗೆ ಮಾತು ಮರಳಿತು.

ಗೋವಿಂದಮ್ಮ ತಟ್ಟನೆ ಎದ್ದುಬಿಟ್ಟಳು. ತೊಳೆದುಕೊಳ್ಳಲು ವೇಳೆಯಿರಲಿಲ್ಲ. ಅಜ್ಜಿ ಅವಳ ತಲೆಗೊಂದು ಬಟ್ಟೆ ಸುತ್ತಿ ಕಳಿಸಿದಳು.

ಮನೆಯಲ್ಲಿ ಶ್ಯಾಮಣ್ಣ ಕಾಗದ ಪೆನ್ನು ಹಿಡಿದು ಕಾಯುತ್ತಿದ್ದ. "ಏನೇ ಇದು ವೇಷ? ಹೋಗ್ಲಿ, ಗುಂಗುರಾ?"

"ಗುಂಗುರೇ. ಅಂಥಾದ್ದು ಈ ಜನ್ಮದಲ್ಲಿ ನೋಡಿರ್ಲಿಲ್ಲ."

"ನಾನಂದ್ನಲ್ಲ!" ಶ್ಯಾಮಣ್ಣ 'ತಾ' ಎಂದು ಬರೆದ. ಗೋವಿಂದಮ್ಮ ಅವನ ಮುಂದೆ ಒಂದು ಲೋಟ ನೀರಿಟ್ಟಳು.

"ಮುಂದಕ್ಕೆ ಬರೆಯೋಕೆ ಮುಂಚೆ ಮೀಸೆ ಅದ್ರಲ್ಲಿ ಅದ್ದಿ."

ಹೆಂಡತಿಯ ಮುಖ ನೋಡಿ ಶ್ಯಾಮಣ್ಣ ಅದ್ದಿದ. ಎಂಟು ವರ್ಷದಿಂದ ದಿನಾ ಹರಳೆಣ್ಣೆ ತೀಡಿ, ಪೆನ್ಸಿಲ್ಲಿಗೆ ಸುತ್ತಿ ಸುರುಳಿ ಮಾಡಿದ್ದ ಮೀಸೆ ನೆಂದ ಕೋಳಿಯ ಪುಕ್ಕದ ಹಾಗೆ ತುಟಿಯ ಮೇಲೆ ನೆಟ್ಟಗೆ ಇಳಿಬಿತ್ತು. ಒಂದು ಎಳೆ ಲೋಟದೊಳಕ್ಕೇ ಉದುರಿತು. ನಿನ್ನೆ ಮಾದರಿ ಟೈಂಪೀಸಿನ ಮೇಲೆ ಬಗ್ಗಿ, ಎಲ್ಲ ಸರಿಯಿದೆಯೇ ಎಂದು ಹತ್ತು ನಿಮಿಷ ಯೋಚಿಸಿದ್ದವನು ತಾನೇ. ಯೋಚಿಸುವಾಗ ಅವನ ಕೈ ಎಲ್ಲಿರುತ್ತದೆಂದು ಅವನಿಗೂ ಗೊತ್ತಿತ್ತು.

ಬಹಳ ಹೊತ್ತಿನ ಮೇಲೆ 'ತಾ' ಹೊಡೆದುಹಾಕಿ ತನ್ನ ಹೆಸರು ಬರೆದ.

ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಇವನನ್ನು ಕಳಿಸಿದರೆ ಶಿಫ್ಟು ನಡೆಸುವವರಿರಲಿಲ್ಲ. ಹಾಗಾಗಿ ಒಂದೇ ಅಪ್ಪಣೆಯಾಯಿತು: ಬೋಳಿಸು, ಇಲ್ಲವೇ ಮುಚ್ಚಿಕೋ. ಶ್ಯಾಮಣ್ಣ ಮೂಗಿನ ಕೆಳಗೆ ಕರವಸ್ತ್ರ ಕಟ್ಟಿಕೊಂಡು ಲೈನಿನ ಮುಂದೆ ನಿಂತ. ಏಳು ಹುಡುಗಿಯರು ಕಿಸಿಕಿಸಿ ನಕ್ಕರು. ತಾಹಿರಾ ನಗದೆ, ರೇಷ್ಮೆಯ ತುಂಡೊಂದನ್ನು ಅವನ ಮೇಜಿನ ಮೇಲಿಟ್ಟು, "ಒಳಗೆ ರೇಷ್ಮೆ, ಮೇಲೆ ನೂಲು, ಸಾರ್. ಒದ್ದೇಲಿ ಮಾತ್ರ ಕಟ್ಬೇಡಿ," ಎಂದಳಂತೆ.

ಮರುದಿನ ಬೆಳಿಗ್ಗೆ ಗೋವಿಂದಮ್ಮ ಆಸೆಯಿಂದ ಒಂದು ಬಟ್ಟಲು ದಾಸವಾಳದ ಸೊಪ್ಪು ಅರೆದು, ಕನ್ನಡಿಯ ಮುಂದೆ ಕೂತು ತುರುಬು ಬಿಚ್ಚಿದಳು. ತಿರುಗಿ ನೋಡಿದರೆ ಬಟ್ಟಲು ಖಾಲಿ. ಜಗಲಿಯ ಬಿಸಿಲಿನಲ್ಲಿ ಶ್ಯಾಮಣ್ಣ ಕಣ್ಮುಚ್ಚಿ, ಮೂತಿ ಮೇಲೆತ್ತಿ, ಮೀಸೆ ಒಣಗಿಸಿಕೊಳ್ಳುತ್ತ ಕೂತಿದ್ದ.