ಬೆಲ್ಲದ ಅಂಗಡಿಯಲ್ಲಿ ಹೊಟ್ಟೆ ಇಳಿಸಿದ್ದು

ಹೊಟ್ಟೆ ಬೆಳೆಯುವಾಗ ಯಾರೂ ಏನೂ ಕೇಳುವುದಿಲ್ಲ. ಇಳಿಸುತ್ತೇನೆ ಅಂತ ಬಾಯಿ ಬಿಟ್ಟ ದಿನದಿಂದ ಮಾತ್ರ ಒಂದಲ್ಲ ಒಂದು ಪ್ರಸಂಗ ಮನೆ ಬಾಗಿಲು ಬಡಿಯುತ್ತಲೇ ಇರುತ್ತದೆ. ನನಗಂತೂ ಹಾಗೇ ಆಯಿತು.

ತೊಂಬತ್ತರ ದಶಕದ ಮಾತು. ಮೂಡಲಗಿಯಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ನನ್ನ ಕೆಲಸ ಬೆಲ್ಲದ ರುಚಿ ನೋಡುವುದು. ರೈತರು ತಂದ ಬೆಲ್ಲದ ದೊಡ್ಡ ಮುದ್ದೆಗೆ, ಅಂದರೆ ಪೆಂಟಿಗೆ, ಕಬ್ಬಿಣದ ಸರಳು ಚುಚ್ಚಿ, ಬಂದ ಚೂರನ್ನು ಬಾಯಿಗೆ ಹಾಕಿಕೊಂಡು, ಇದು ಒಂದನೇ ನಂಬರು, ಇದು ಎರಡನೇ ನಂಬರು ಅಂತ ಹೇಳಬೇಕು. ಹಂಗಾಮಿನಲ್ಲಿ ಬೆಳಗಿನಿಂದ ಸಂಜೆತನಕ ಬಾಯಿ ಖಾಲಿ ಇರುತ್ತಿರಲಿಲ್ಲ. ನನಗಿಂತ ಮೊದಲು ಅದೇ ಅಂಗಡಿಯಲ್ಲಿ ನಮ್ಮಪ್ಪ ಅದೇ ಕೆಲಸ ಮಾಡುತ್ತಿದ್ದ. ಅವನಿಗೂ ನನ್ನಂಥದೇ ಹೊಟ್ಟೆ. ಐವತ್ತು ತುಂಬುವ ಮೊದಲೇ ಒಂದು ಮಧ್ಯಾಹ್ನ ಬೆಲ್ಲದ ರಾಶಿಯ ಬಾಜೂ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ನನಗೆ ಆಗ ನಲವತ್ತೆಂಟು ನಡೆದಿತ್ತು. ನಾನು ಅದನ್ನು ಮರೆತವನಂತೆ ಇದ್ದೆ, ಹೆಂಡತಿ ಮರೆತಿರಲಿಲ್ಲ.

೧. ಅದು ತಿನ್ನುವುದಲ್ಲ, ಕೆಲಸ

ದಸರೆ ಮುಗಿದ ಮೇಲೆ ಹೆಂಡತಿ ನನ್ನನ್ನು ಗೋಕಾಕಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ದವಾಖಾನೆಯ ಮೆಟ್ಟಿಲು ಹತ್ತಿ ಕುರ್ಚಿಯ ಮೇಲೆ ಕೂತರೂ ನನಗೆ ಮಾತು ಹೊರಡಲಿಲ್ಲ, ಏದುಸಿರು ಅಷ್ಟೇ. ಡಾಕ್ಟರು ತೂಗಿ ನೋಡಿದರು: ತೊಂಬತ್ತಾರು ಕಿಲೋ. ಬಿಪಿಯೂ ಮೇಲಿತ್ತು.

"ಊಟದ ನಡುವ ಏನೇನ ತಿಂತೀರಿ?" ಅಂದರು.

"ಏನೂ ಇಲ್ರಿ."

ಹೆಂಡತಿ ಗೋಡೆ ಕಡೆ ಮುಖ ಮಾಡಿ ಕೆಮ್ಮಿದಳು.

"ಬೆಲ್ಲದ ಅಂಗಡ್ಯಾಗ ಅದೀರಂತ. ಬೆಲ್ಲ ತಿನ್ನೂದಿಲ್ಲೇನು?"

"ಅದು ತಿನ್ನೂದಲ್ರಿ ಸಾಹೇಬ್ರ, ಕೆಲಸ."

"ಆತು. ಆ ಕೆಲಸ ದಿನಾ ಎಲ್ಲಿ ಹೋಗಿ ಕೂಡತೈತಿ?"

ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ.

ಉಪವಾಸ ಬೇಡ, ಔಷಧ ಬೇಡ, ತಿನ್ನುವ ರೀತಿ ಅಷ್ಟೇ ಬದಲಾಗಬೇಕು ಅಂದರು. ಬೆಲ್ಲ ನಾಲಿಗೆಗೆ ಮುಟ್ಟಿಸಿ ಉಗುಳಬೇಕು. ಚಹಾಕ್ಕೆ ಸಕ್ಕರೆ ಬಿಡಬೇಕು. ಹೊತ್ತಿಗೆ ಎರಡೇ ರೊಟ್ಟಿ, ಕಾಯಿಪಲ್ಲೆ ಹೆಚ್ಚು. ರಾತ್ರಿಯೂಟ ಬೇಗ ಮುಗಿಸಬೇಕು. "ಯುಗಾದಿ ಮುಂದ ಬರ್ರಿ. ಹತ್ತು ಕಿಲೋರೆ ಇಳೀಬೇಕು. ಇಲ್ಲಂದ್ರ ಗುಳಿಗಿ ಚಾಲೂ ಮಾಡೂನು. ಒಮ್ಮೆ ಚಾಲೂ ಆದ್ರ ಜೀವ ಇರೂತನಕ."

ಹೆಂಡತಿ ಸಣ್ಣ ದನಿಯಲ್ಲಿ, "ಇವರ ಅಪ್ಪಾರು ಎದಿ ಹಿಡಕೊಂಡ ಹೋದ್ರರಿ," ಅಂದಳು. ಡಾಕ್ಟರು ನನ್ನ ಕಡೆ ನೋಡಿ, "ಅದಕ್ಕ ಹೇಳಾಕತ್ತೇನಿ," ಅಂದರು. ಆಗ ಮಾತ್ರ ನನಗೆ ಖರೆ ಹೆದರಿಕೆಯಾಯಿತು.

ಹೆದರಿಕೆ ಬಸ್‌ಸ್ಟ್ಯಾಂಡಿನ ತನಕ ಇತ್ತು. ಅಲ್ಲಿ ಕರದಂಟಿನ ಅಂಗಡಿ ಕಂಡಿತು. ಗೋಕಾಕಕ್ಕೆ ಬಂದು ಬರಿಗೈಲಿ ಹೋದರೆ ಜನ ಏನಂದಾರು ಅಂದೆ. ಅವಳು ತಕರಾರು ಮಾಡದೆ ಒಂದು ಡಬ್ಬಿ ಕೊಂಡಳು. ಮೂಡಲಗಿ ಬರುವ ತನಕ ಕಿಟಕಿಯ ಬಾಜೂ ಕೂತು ಒಂದೊಂದೇ ತುಂಡು ತಿಂದಳು. ಡಬ್ಬಿ ಹಿಡಿದುಕೊಂಡವನು ಮಾತ್ರ ನಾನು.

೨. ಮಾವನ ಬೆಲ್ಲ

ನನ್ನ ಮಾವ ಬೆಲ್ಲದ ಬಾಗೇವಾಡಿಯ ರೈತ. ಅಳಿಯ ಇದ್ದಾನೆ ಅನ್ನುವ ಒಂದೇ ಕಾರಣಕ್ಕೆ, ಹತ್ತಿರದ ಪೇಟೆ ಬಿಟ್ಟು ಅಷ್ಟು ದೂರದಿಂದ ನಮ್ಮ ಅಂಗಡಿಗೆ ಬೆಲ್ಲ ತರುತ್ತಿದ್ದ. ಅಳಿಯನ ಮೇಲೆ ಅವನಿಗೆ ಪ್ರೀತಿ, ಅಂಗಡಿಯ ಮೇಲೆ ಒಂದೇ ಸಿಟ್ಟು. ಅದು ಸೂಟು. ಬೆಲ್ಲ ತೂಗಿದ ಮೇಲೆ ಪೆಂಟಿಗೆ ಸುತ್ತಿದ ಅರಿವೆ, ತೇವ, ಧೂಳು ಅಂತ ತೂಕದಲ್ಲಿ ಒಂದಿಷ್ಟು ಕಳೆಯುವುದು ನಮ್ಮ ಪೇಟೆಯ ಪದ್ಧತಿ. ಅದಕ್ಕೆ ಸೂಟು ಹಿಡಿಯುವುದು ಅನ್ನುತ್ತಾರೆ. ಪ್ರತಿ ಸಲ ಮಾವ ಟವೆಲ್ ಝಾಡಿಸಿ ಕೇಳುತ್ತಿದ್ದ: "ಅಳ್ಯಾರ, ಮನಿಯಿಂದ ತಂದದ್ದು ಒಂದ ತೂಕ, ಇಲ್ಲಿ ಆದದ್ದು ಒಂದ ತೂಕ. ನಡುವಿಂದ ಎಲ್ಲಿ ಹೋಗ್ತೈತ್ರಿ?" ನಾನು ಬೇರೆ ಕಡೆ ನೋಡುತ್ತಿದ್ದೆ.

ಡಾಕ್ಟರ ಮಾತು ಪಾಲಿಸಲು ಶುರು ಮಾಡಿದ ದಿನವೇ ಮಾವನ ಗಾಡಿ ಬಂತು. ಬಂಗಾರದ ಬಣ್ಣದ ಬೆಲ್ಲ. ಖರೀದಿದಾರರು ಸುತ್ತ ನಿಂತಿದ್ದರು. ಆಗ ಸವಾಲು, ಅಂದರೆ ಹರಾಜು, ನಡೆಯುತ್ತಿದ್ದದ್ದು ಟವೆಲಿನ ಕೆಳಗೆ. ಕೈಗೆ ಕೈ ಕೊಟ್ಟು, ಬೆರಳು ಒತ್ತಿ ದರ ಹೇಳುವುದು. ಎಲ್ಲರ ಕೈ ಟವೆಲಿನ ಕೆಳಗೆ, ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ. ನಾನು ಚೂರು ಬಾಯಿಗೆ ಹಾಕಿಕೊಂಡೆ, ಸವಿದೆ, ಡಾಕ್ಟರನ್ನು ನೆನೆಸಿಕೊಂಡೆ, ಪಕ್ಕಕ್ಕೆ ತಿರುಗಿ ಉಗುಳಿದೆ.

ಟವೆಲಿನ ಕೆಳಗಿನ ಕೈಗಳೆಲ್ಲ ಒಮ್ಮೆಲೇ ಹೊರಗೆ ಬಂದವು.

"ಯಾಕ್ರಿ, ಕಹಿ ಐತೇನು?" ಅಂದ ಒಬ್ಬ. "ಬಣ್ಣ ಬರ್ಲಿ ಅಂತ ಸೋಡಾ ಭಾಳ ಹಾಕ್ಯಾರ ಕಾಣಸ್ತೈತಿ," ಅಂದ ಇನ್ನೊಬ್ಬ. ಇಲ್ಲ ಇಲ್ಲ, ಒಂದನೇ ನಂಬರಿನ ಬೆಲ್ಲ, ಡಾಕ್ಟರು ಹೇಳಿದ್ದಾರೆ ಅಂದೆ. ಅದು ಇನ್ನೂ ಕೆಟ್ಟದಾಯಿತು. "ಈ ಬೆಲ್ಲ ತಿನಬ್ಯಾಡಂತ ಡಾಕ್ಟ್ರು ಹೇಳ್ಯಾರಂತ!" ಅಂತ ಸುದ್ದಿ ಹಿಂದಿನ ಸಾಲಿಗೆ ಹೋಯಿತು. ಕೊನೆಗೆ ಎಲ್ಲರ ಎದುರು ದೊಡ್ಡ ತುಂಡೊಂದನ್ನು ಕಣ್ಣು ಮುಚ್ಚಿ ನುಂಗಿ ತೋರಿಸಿದ ಮೇಲೆಯೇ ಸವಾಲು ಮುಂದುವರಿಯಿತು. ಮಾರನೇ ದಿನದಿಂದ ಸಾಸಿವೆ ಕಾಳಿನಷ್ಟು ಬೆಲ್ಲ ನಾಲಿಗೆಯ ತುದಿಗೆ ಇಟ್ಟುಕೊಂಡು ನುಂಗುವುದನ್ನು ಕಲಿತೆ. ರುಚಿ ಗೊತ್ತಾಗಲು ಅಷ್ಟೇ ಸಾಕಾಗಿತ್ತು.

ಮಾವ ಅಂದು ಹೋಗುವಾಗ ಒಂದೇ ಮಾತು ಹೇಳಿದ: "ಅಳ್ಯಾರ, ನನ್ನ ಮಗಳ ಅಡಗಿ ಒಮ್ಮೆ ಹಿಂಗ ಉಗುಳಿ ನೋಡ್ರಿ. ಆಕಿ ನಾಳೆನ ನಿಮ್ಮನ್ನ ಸಣ್ಣ ಮಾಡ್ತಾಳ."

೩. ಎರಡೇ ರೊಟ್ಟಿ

ಡಾಕ್ಟರು ಎರಡೇ ರೊಟ್ಟಿ ಅಂದಿದ್ದರಲ್ಲ. ಹೆಂಡತಿ ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ತಾಟಿನಲ್ಲಿ ಎರಡೇ. ಆದರೂ ನಾಲ್ಕು ತಿಂದಾಗ ಆಗುತ್ತಿದ್ದಷ್ಟೇ ಹೊಟ್ಟೆ ಭಾರ. ಒಂದು ದಿನ ಸಂಶಯ ಬಂದು ನೋಡಿದರೆ ರೊಟ್ಟಿ ತಾಟಿನ ಅಂಚು ದಾಟಿ ಹೊರಗೆ ಇಳಿಬಿದ್ದಿತ್ತು.

"ಇದೇನಿದು?" ಅಂದೆ.

ಅವಳು ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕಣ್ಣು ತುಂಬಿಕೊಂಡಳು. "ದಿನಾ ನಾಕ ರೊಟ್ಟಿ ತಿನ್ನೂ ಗಂಡಸಿಗೆ ಎರಡ ಹಾಕಾಕ ಕೈ ಬರೂದಿಲ್ರಿ. ಡಾಕ್ಟ್ರು ಎರಡ ಅಂದ್ರು. ಎಷ್ಟ ದೊಡ್ಡೂ ಅಂತ ಹೇಳಿಲ್ಲಲ್ಲ?"

ನನ್ನನ್ನು ಉಳಿಸಬೇಕು ಅನ್ನುವವಳೂ ಅವಳೇ, ಉಣಿಸಬೇಕು ಅನ್ನುವವಳೂ ಅವಳೇ. ಕಡೆಗೆ ನೆರೆಮನೆಯಿಂದ ಸಣ್ಣ ಹಂಚು ತಂದೆವು. ಎಷ್ಟು ಪ್ರೀತಿಯಿಂದ ಬಡಿದರೂ ರೊಟ್ಟಿ ಆ ಹಂಚಿನಷ್ಟೇ ಆಗುತ್ತಿತ್ತು.

೪. ಹುಕ್ಕೇರಿಯ ಚಹಾ

ಕಬ್ಬಿನ ಗಾಣ ನೋಡಲು ಅಂಗಡಿಯ ಸಾವ್ಕಾರರು ನನ್ನನ್ನು ಹುಕ್ಕೇರಿ ಕಡೆ ಕಳಿಸುತ್ತಿದ್ದರು. ಆ ಕಡೆಯ ಮನೆಗಳಲ್ಲಿ ಚಹಾ ಬೇಡ ಅಂದರೆ ಜಗಳವಾಡಿದಂತೆ. ಚಹಾದಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ಒಂದು ಮನೆಯಲ್ಲಿ ಧೈರ್ಯ ಮಾಡಿ, "ಆಯಿ, ನನಗ ಸಕ್ಕರಿ ಹಾಕಬ್ಯಾಡ್ರಿ. ಡಾಕ್ಟ್ರು ಬ್ಯಾಡ ಅಂದಾರ," ಅಂದೆ.

ಮನೆಯ ಮುದುಕಿ ಮರುಗಿ ಹೋದಳು. ಎಷ್ಟು ವಯಸ್ಸು, ಮಕ್ಕಳೆಷ್ಟು, ಯಾರು ನೋಡಿಕೊಳ್ಳುತ್ತಾರೆ ಅಂತೆಲ್ಲ ಕೇಳಿದಳು. ಒಳಗೆ ಹೋಗಿ ಬಹಳ ಹೊತ್ತು ಮಾಡಿ ಚಹಾ ತಂದಳು. ಒಂದು ಗುಟುಕು ಕುಡಿದೆ. ಮೊದಲಿಗಿಂತ ಎರಡು ಪಟ್ಟು ಸಿಹಿ.

"ಆಯಿ, ಸಕ್ಕರಿ ಹಾಕೀರಲ್ಲ!"

"ದೇವರಾಣಿ ಹಾಕಿಲ್ಲಪ್ಪಾ. ಸಕ್ಕರಿ ನಿನಗ ಆಗಂಗಿಲ್ಲಂತಿ, ಅದಕ್ಕ ಬೆಲ್ಲ ಹಾಕೇನಿ. ನೀನ ಹ್ವಾದವಾರ ನಮ್ಮ ಬೆಲ್ಲ ಒಂದನೇ ನಂಬರ ಅಂದಿದ್ದಿ ನೋಡು, ಅದ."

೫. ಹೊತ್ತು ಮುಳುಗುವ ಮೊದಲು

ನಮ್ಮ ಸಾವ್ಕಾರರು ಜೈನರು. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯುತ್ತಿತ್ತು. ಆಮೇಲೆ ಏನೂ ಮುಟ್ಟುತ್ತಿರಲಿಲ್ಲ. ಎಪ್ಪತ್ತರ ವಯಸ್ಸಿನಲ್ಲೂ ಕಡ್ಡಿಯಂತೆ ಇದ್ದರು. ಡಾಕ್ಟರು ಹೇಳಿದ್ದನ್ನು ಕೇಳಿ, "ಅದಕ್ಕೇನ ದೊಡ್ಡ ಮಾತು? ದಿನಾ ಸಂಜೀಕ ನಮ್ಮ ಜೋಡಿನ ಕೂತ ಉಣ್ರಿ," ಅಂದರು.

ಉಂಡೆ. ಅವರ ಮನೆಯ ಬೇಳೆ, ಚಪಾತಿ, ಮೇಲೆ ತುಪ್ಪ. ಮನೆಗೆ ಹೋದರೆ ಹೆಂಡತಿ ಎಂಟಕ್ಕೆ ತಾಟು ಹಾಕಿಕೊಂಡು ಕೂತಿರುತ್ತಿದ್ದಳು. ಉಂಡು ಬಂದಿದ್ದೇನೆ ಅಂದರೆ ಮುಖ ಸಣ್ಣದಾಗುತ್ತಿತ್ತು. ಹಾಗಾಗಿ ಅಲ್ಲೂ ಉಂಡೆ, ಇಲ್ಲೂ ಉಂಡೆ. ಊಟ ಬೇಗ ಮಾಡಿ ಅಂದಿದ್ದ ಡಾಕ್ಟರ ಮಾತು ಉಳಿಯಿತು, ಪ್ಯಾಂಟಿನ ಗುಂಡಿ ಮಾತ್ರ ಉಳಿಯಲಿಲ್ಲ.

ಗುಂಡಿ ಹಚ್ಚುವಾಗ ಹೆಂಡತಿಗೆ ಎಲ್ಲ ಗೊತ್ತಾಯಿತು. ಮಾರನೇ ದಿನದಿಂದ ನಮ್ಮ ಮನೆಯ ಒಲೆಯೂ ಹೊತ್ತು ಮುಳುಗುವ ಮೊದಲೇ ಆರತೊಡಗಿತು. ಮೊದಲ ವಾರ ಎಂಟಾದರೆ ಹೊಟ್ಟೆ ತಾನಾಗಿ ಕೂಗುತ್ತಿತ್ತು. ಆಮೇಲೆ ಅದಕ್ಕೂ ರೂಢಿಯಾಯಿತು. ರಾತ್ರಿ ಎದೆಯುರಿ ನಿಂತಿತು, ಬೆಳಿಗ್ಗೆ ಎದ್ದರೆ ಮೈ ಹಗುರ. ಇಷ್ಟು ಸುಲಭದ್ದಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಅನ್ನಿಸಿತು.

ಅಂಥ ಒಂದು ದಿನ ಎಂಟರ ಬಸ್ಸಿಗೆ ಮಾವ ಬಂದ. ಅಡುಗೆಮನೆ ತೊಳೆದು ಸ್ವಚ್ಛವಾಗಿತ್ತು. ಮಗಳು ಅವನಿಗೆ ಅಂತ ಮತ್ತೆ ಒಲೆ ಹಚ್ಚಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿದಳು. ನಾನು ಎದುರಿಗೆ ಕೂತೆ. ಮಾವ ಒಂದು ತುತ್ತು ಮುರಿದು ನನ್ನನ್ನು ನೋಡಿದ, ಇನ್ನೊಂದು ಮುರಿದು ಮತ್ತೆ ನೋಡಿದ.

"ಅಳ್ಯಾರ, ಪೇಟ್ಯಾಗೆಲ್ಲ ನೀವು ಸೊರಗಾಕತ್ತೀರಿ ಅಂತ ಮಾತಾಡ್ತಾರ. ಖರೆ ಹೇಳ್ರಿ, ಏನ ಬ್ಯಾನಿ?"

ಡಾಕ್ಟರು ಹೇಳಿದ್ದನ್ನು, ಅಪ್ಪನಂತೆ ಆದೀತು ಅನ್ನುವ ಹೆದರಿಕೆಯನ್ನು, ಎಲ್ಲ ಹೇಳಿದೆ. ಮಾವ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟ. ಆಮೇಲೆ, "ಯುಗಾದಿ ಮುಂದ ಗೋಕಾಕಕ್ಕ ನಾನೂ ಬರ್ತೇನಿ. ನನ್ನ ಮಗಳು ಒಬ್ಬಾಕಿನ ಕೂತ ಕೇಳೂದ ಬ್ಯಾಡ," ಅಂದ. ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮಲಗುವಾಗ ಅವನು ಮಗಳಿಗೆ ಪಿಸುಗುಟ್ಟಿದ್ದೂ ಕೇಳಿಸಿತು: "ಯವ್ವಾ, ನಾಳೆ ನನಗ ಬ್ಯಾರೆ ಖೋಲ್ಯಾಗ ಊಟಕ್ಕ ಹಾಕು. ಅಳ್ಯಾರು ತಾಟ ನೋಡೂದ ನೋಡಿದ್ರ ತುತ್ತ ಇಳ್ಯಂಗಿಲ್ಲ."

೬. ಸೂಟು

ಈ ನಡುವೆ ವಾರಕ್ಕೊಮ್ಮೆ ಅಂಗಡಿಯ ಕಾಟಾದ ಮೇಲೆ ನಿಂತು ತೂಗಿಸಿಕೊಳ್ಳುತ್ತಿದ್ದೆ. ತೂಗುವವನು ನಮ್ಮ ತೂಕದ ಕಾಕಾ. ಅಪ್ಪನ ಕಾಲದಿಂದಲೂ ಅದೇ ಕಾಟಾದ ಮುಂದೆ ಕೂತವನು. ಬೆಲ್ಲದ ತೂಕ ಕೂಗುವ ರಾಗದಲ್ಲೇ ನನ್ನದನ್ನೂ ಕೂಗುತ್ತಿದ್ದ. ತೊಂಬತ್ತೆರಡು ಅಂದ, ತೊಂಬತ್ತು ಅಂದ, ಎಂಬತ್ತೇಳು ಅಂದ. ಪ್ರತಿ ಸಲ ಹಮಾಲರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮನೆಗೆ ಹೋಗಿ ಹೇಳಿದರೆ ಹೆಂಡತಿ ದೇವರಿಗೆ ಎರಡು ಹೂ ಹೆಚ್ಚು ಏರಿಸುತ್ತಿದ್ದಳು.

ಗೋಕಾಕಕ್ಕೆ ಹೋಗುವ ಹಿಂದಿನ ದಿನ ಕೊನೆಯ ಸಲ ನಿಂತೆ. ಕಾಕಾ, "ಎಂಬತ್ನಾಕು!" ಅಂತ ಕೂಗಿದ. ಎಂದೂ ಇಲ್ಲದವನು ಅಂದು ಬಗ್ಗಿ ಕಾಟಾದ ಪಟ್ಟಿ ನೋಡಿದೆ.

"ಕಾಕಾ, ಇಲ್ಲಿ ಹೆಚ್ಚಿಗಿ ತೋರಸ್ತೈತಲ್ಲ?"

"ತೋರಸ್ತೈತ್ರಿ. ಸೂಟು ಹಿಡದೇನಲ್ಲ."

"ನನಗ್ಯಾಕ ಸೂಟು?"

"ಯಾಕಂದ್ರ? ಅಂಗಿ, ಪ್ಯಾಂಟು, ಕಿಸೆದಾಗ ಕೀಲಿ ಗೊಂಚಲ. ಮ್ಯಾಲ ಬೆವರಿನ ತ್ಯಾವ. ಸೂಟು ಹಿಡೀಲಾರದ ನಾ ಯಾವತ್ತರೆ ತೂಕ ಹೇಳೇನೇನು?"

ನಾನು ಕಾಟಾದಿಂದ ಇಳಿದೆ. "ಪ್ರತಿ ಸಲ ಎಷ್ಟ ಹಿಡೀತಿದ್ದಿ?"

"ಅಂದಾಜ್ರಿ. ನೀವು ಮಾರಿ ಸಣ್ಣ ಮಾಡಿ ನಿಂತ ದಿನ ಸ್ವಲ್ಪ ಹೆಚ್ಚಿಗಿ ಹಿಡೀತಿದ್ದೆ. ನಿಮ್ಮಪ್ಪನ ಕೂಡ ಕೆಲಸ ಮಾಡಿದಾಂವ ನಾನು. ನೀವು ನಕ್ಕೋತ ಮನಿಗಿ ಹೋಗ್ಲಿ ಅಂತ."

ಅವನ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಆದರೆ ಇಳಿದದ್ದೆಲ್ಲ ಕಾಕಾನ ಕನಿಕರವೋ, ನನ್ನ ಹೊಟ್ಟೆಯೋ ಒಂದೂ ತಿಳಿಯದಾಯಿತು. ಮಾರನೇ ದಿನ ಬಸ್ಸಿನಲ್ಲಿ ಹೆಂಡತಿ ಒಂದು ಕಡೆ, ಮಾವ ಇನ್ನೊಂದು ಕಡೆ. ನಾನು ಸೂಟಿನ ಕಥೆ ಹೇಳಿದೆ. ಹೆಂಡತಿ ಕೈ ಮುಗಿದುಕೊಂಡು ಕೂತಳು. ಮಾವ ಹಲ್ಲು ಕಚ್ಚಿ, "ಆ ಅಂಗಡಿ ಸೂಟು ಮನಷ್ಯಾರನ್ನೂ ಬಿಡಲಿಲ್ಲಲ್ಲ," ಅಂದ.

ದವಾಖಾನೆಯಲ್ಲಿ ಕೀಲಿ ಗೊಂಚಲು ಹೆಂಡತಿಯ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ತೂಕದ ಮಶಿನ್ ಹತ್ತಿದೆ. ಅಪ್ಪನ ಮುಖ ಕಣ್ಣ ಮುಂದೆ ಬಂತು.

"ಎಂಬತ್ತಾರು," ಅಂದರು ಡಾಕ್ಟರು. "ಹತ್ತು ಕಿಲೋ ಇಳದೈತಿ." ಬಿಪಿ ನೋಡಿದರು, ಇನ್ನೊಮ್ಮೆ ನೋಡಿದರು. "ಗುಳಿಗಿ ಬ್ಯಾಡ. ಹಿಂಗ ನಡಸ್ರಿ."

ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಮೆಟ್ಟಿಲ ಮೇಲೆ ಕೂತು ಅಳಬೇಕು ಅನ್ನಿಸಿತು. ಆರು ತಿಂಗಳಿಂದ ಎದೆಯ ಮೇಲೆ ಕೂತದ್ದು ಯಾರೋ ಎತ್ತಿ ಕೆಳಗೆ ಇಟ್ಟಂತೆ ಆಗಿತ್ತು.

ಮಾವ ಮಾತ್ರ ಅಷ್ಟು ಬೇಗ ನಂಬುವವನಲ್ಲ. ಮಶಿನ್ ಹತ್ತಿರ ಹೋಗಿ, ಬಗ್ಗಿ, ಮುಳ್ಳನ್ನು ತಾನೇ ನೋಡಿದ.

"ಡಾಕ್ಟ್ರ, ಇದರಾಗ ಸೂಟು ಹಿಡದಿಲ್ಲಲ್ಲ?"

"ಏನ ಸೂಟು?" ಅಂದರು ಡಾಕ್ಟರು.

ಆಗ ಮಾವನ ಮುಖ ಅರಳಿತು. ನನ್ನ ಹೊಟ್ಟೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಹೆಗಲ ಮೇಲೆ ಕೈ ಹಾಕಿದ.

"ಅಳ್ಯಾರ, ಇಷ್ಟ ವರ್ಷ ನನ್ನ ಬೆಲ್ಲದಾಗ ಸೂಟು ಅಂತ ಹೋದದ್ದು ಎಲ್ಲಿ ಹೋಗಿ ಕೂತಿತ್ತಂತ ಇವತ್ತ ತಿಳೀತ ನೋಡ್ರಿ. ಹತ್ತು ಕಿಲೋ ಹೊರಗ ಬಂತು. ಉಳದದ್ದನ್ನ ಸಾವಕಾಶ ಕೊಡ್ರಿ, ಗಡಿಬಿಡಿ ಏನಿಲ್ಲ."